ಬೇರೆ ಸಂಸ್ಕೃತಿಯ ಜನರ ನಡುವೆ ಸಭೆ ಸ್ಥಾಪಿಸಲು ಹೋಗುವ ಸೇವಕರಿಗೆ ಏನನ್ನು ಕಲಿಸಬೇಕು?

ಬೆಂಗಳೂರಿನ ನಿಮ್ಮ ಕ್ರೈಸ್ತ ಸಭೆಯು ದೈವಶಾಸ್ತ್ರದ ಓದು ಮುಗಿಸಿದ ಎಂಟು ಮಂದಿ ಯುವಸೇವಕರನ್ನು ಸುವಾರ್ತೆ ಸಾರುವುದಕ್ಕೂ ಸಭೆಗಳನ್ನು ಸ್ಥಾಪಿಸುವುದಕ್ಕೂ ಮಲೆನಾಡಿಗೆ ಕಳುಹಿಸಲಿದೆ ಎಂದು ಬರೆದಿದ್ದೀರಿ. ಅವರಿಗೆ ಆರು ವಾರಗಳ ತರಬೇತಿ ಸಾಕೇ, ಅದರಲ್ಲಿ ಏನೇನು ಇರಬೇಕು, ಕನ್ನಡನಾಡಿನೊಳಗೇ ಹೋಗುವವರಿಗೆ ‘ಬೇರೆ ಸಂಸ್ಕೃತಿ’ಯ ಪಾಠವಾದರೂ ಏಕೆ ಎಂದು ಕೇಳಿದ್ದೀರಿ. ನಾನು ತುಮಕೂರು ಕಡೆಯವನು. ಇಪ್ಪತ್ತೆರಡು ವರ್ಷಗಳಿಂದ ಸಾಗರ, ಸೊರಬ ತಾಲ್ಲೂಕುಗಳಲ್ಲಿ ಸಭಾಪಾಲಕನಾಗಿದ್ದೇನೆ; ಒಂಬತ್ತು ವರ್ಷಗಳಿಂದ ಹೊಸ ಸೇವಕರ ತರಬೇತಿಯಲ್ಲಿಯೂ ತೊಡಗಿದ್ದೇನೆ. ಆರು ವಾರ ಖಂಡಿತ ಸಾಲದು. ಊರಿಗೆ ಬೋಧಿಸಲು ಹೊರಟವನು ಮೊದಲು ಆ ಊರಿನ ಶಿಷ್ಯನಾಗಬೇಕು, ಮತ್ತು ಅದನ್ನು ಬೆಂಗಳೂರಿನ ಕೊಠಡಿಯಲ್ಲಿ ಕುಳಿತು ಕಲಿಯಲು ಬರುವುದಿಲ್ಲ.

ಕೊನೆಯ ಪ್ರಶ್ನೆಯಿಂದಲೇ ತೊಡಗುತ್ತೇನೆ. ಸಾಗರದಿಂದ ಶಿಕಾರಿಪುರದವರೆಗೆ ಬಸ್ಸಿನಲ್ಲಿ ಬಂದರೆ ಒಂದೇ ದಾರಿಯಲ್ಲಿ ಹವ್ಯಕರ ತೋಟದ ಮನೆಗಳು, ದೀವರ ಕೇರಿಗಳು, ಲಿಂಗಾಯತರ ಊರುಗಳು, ಲಂಬಾಣಿ ತಾಂಡಾಗಳು ಒಂದರ ಹಿಂದೊಂದು ಸಿಗುತ್ತವೆ. ಹವ್ಯಕರು ಮನೆಯೊಳಗೆ ಆಡುವ ಕನ್ನಡ ನಿಮ್ಮ ಹುಡುಗರಿಗೆ ಮೊದಲ ತಿಂಗಳು ಅರ್ಥವಾಗುವುದಿಲ್ಲ. ತಾಂಡಾದ ಮಾತಂತೂ ಕನ್ನಡವೇ ಅಲ್ಲ. ಭದ್ರಾವತಿಗೆ ಹೋದರೆ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಬಂದು ನೆಲೆಸಿದ ತಮಿಳರ ಮೊಮ್ಮಕ್ಕಳಿದ್ದಾರೆ. ಇಲ್ಲಿ ಕ್ರೈಸ್ತರೇ ಇಲ್ಲ ಎಂದುಕೊಂಡು ಬರುವುದೂ ತಪ್ಪು. ಕೊಂಕಣಿ ಮಾತನಾಡುವ ಕಥೋಲಿಕ ಕುಟುಂಬಗಳು ಈ ಗುಡ್ಡಗಳಲ್ಲಿ ತಲೆಮಾರುಗಳಿಂದ ಬಾಳುತ್ತಿವೆ. ಶಿವಮೊಗ್ಗ ಧರ್ಮಪ್ರಾಂತ್ಯವೇ 1988ರಲ್ಲಿ ಸ್ಥಾಪನೆಯಾಗಿದೆ. ಪ್ರೊಟೆಸ್ಟೆಂಟರಾದ ನಾವು ‘ಸುವಾರ್ತೆ’ ಎನ್ನುವುದನ್ನು ಅವರು ‘ಶುಭಸಂದೇಶ’ ಎನ್ನುತ್ತಾರೆ. ಹೊಸದಾಗಿ ಬಂದ ಸೇವಕನು ಮೊದಲ ವಾರವೇ ಅಲ್ಲಿಯ ಗುರುಗಳನ್ನು ಕಂಡು ನಮಸ್ಕರಿಸಿ, ತಾನು ಯಾರು, ಏಕೆ ಬಂದಿದ್ದೇನೆ ಎಂದು ತಿಳಿಸಬೇಕು. ಇದನ್ನು ನಾನು ಸೌಜನ್ಯವೆಂದಷ್ಟೇ ತಿಳಿದಿಲ್ಲ. ಅವರ ಕುರಿಗಳನ್ನು ನಮ್ಮ ಹಟ್ಟಿಗೆ ಎಳೆದುಕೊಂಡು ಅದನ್ನು ಸಭೆಯ ಬೆಳವಣಿಗೆ ಎಂದು ವರದಿ ಬರೆಯುವ ಪಾಪದಿಂದ ಅದು ನಮ್ಮನ್ನು ತಡೆಯುತ್ತದೆ.

ಪಾಪ ಎಂದೊಡನೆ ಒಂದು ಸಂಗತಿ ನೆನಪಾಗುತ್ತದೆ. ನಮ್ಮಲ್ಲಿಗೆ ಬಂದಿದ್ದ ಒಬ್ಬ ತರುಣ, ಸೊರಬ ಕಡೆಯ ಹಳ್ಳಿಯೊಂದರ ಜಗಲಿಯಲ್ಲಿ ಕುಳಿತು, ತಾನು ಕಲಿತಿದ್ದ ಕ್ರಮದಲ್ಲಿಯೇ, ‘ನಾವೆಲ್ಲರೂ ಪಾಪಿಗಳು’ ಎಂದು ಮಾತು ಆರಂಭಿಸಿದ. ಮನೆಯ ಹಿರಿಯ ಅಜ್ಜಿ ತಲೆಯಾಡಿಸಿ, ‘ಹೌದು ತಮ್ಮಾ, ನಾವು ಪಾಪದವರೇ, ಎರಡೆಕರೆ ಬಗರ್‌ಹುಕುಂ ಬಿಟ್ಟರೆ ನಮಗೆ ಬೇರೇನಿದೆ’ ಎಂದರು. ಇಲ್ಲಿ ಪಾಪದವರು ಎಂದರೆ ಬಡವರು. ತರುಣನಿಗೆ ಅದು ತಿಳಿಯಲಿಲ್ಲ. ಅಜ್ಜಿ ತನ್ನ ಮಾತನ್ನು ಒಪ್ಪಿಕೊಂಡರೆಂದು ಭಾವಿಸಿ ಮುಂದಿನ ಪಾಠಕ್ಕೆ ಹೋದ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದ ‘ಹೊಸದಾಗಿ ಹುಟ್ಟಬೇಕು’ ಎಂಬ ಮಾತಿನದೂ ಇದೇ ಕಥೆ. ನಮ್ಮ ಕಿವಿಗೆ ಅದು ಬಿಡುಗಡೆಯ ಮಾತು. ಹುಟ್ಟುಸಾವಿನ ಸುತ್ತಿನಿಂದ ಪಾರಾಗುವುದನ್ನೇ ಮುಕ್ತಿಯೆಂದು ನಂಬಿದವರ ಕಿವಿಗೆ ಇನ್ನೊಂದು ಜನ್ಮದ ಬೆದರಿಕೆಯಾಗಿ ಕೇಳಿಸಬಹುದು. ಆದ್ದರಿಂದ ತರಬೇತಿಯ ಮೊದಲ ಆರು ತಿಂಗಳು ನಮ್ಮವರು ಪ್ರಸಂಗ, ಅಂದರೆ ಧರ್ಮಬೋಧೆ, ಮಾಡುವುದಿಲ್ಲ. ಒಂದು ನೋಟುಪುಸ್ತಕ ಇಟ್ಟುಕೊಂಡು ರಕ್ಷಣೆ, ಪಾಪ, ಕೃಪೆ, ಬಲಿ, ಆತ್ಮ, ಆಶೀರ್ವಾದ ಮುಂತಾಗಿ ನಾವು ದಿನಕ್ಕೆ ನೂರು ಬಾರಿ ಆಡುವ ಮಾತುಗಳನ್ನು ಆ ಊರಿನವರು ಯಾವಾಗ, ಯಾವ ಅರ್ಥದಲ್ಲಿ ಬಳಸುತ್ತಾರೆ ಎಂಬುದನ್ನು ಕೇಳಿಸಿಕೊಂಡು ಬರೆಯುತ್ತಾರೆ.

ಅಪೊಸ್ತಲರ ಕೃತ್ಯಗಳ 14ನೆಯ ಅಧ್ಯಾಯವನ್ನು ನಾವು ಮೊದಲ ದಿನವೇ ಓದಿಸುತ್ತೇವೆ. ಲುಸ್ತ್ರದಲ್ಲಿ ಪೌಲನು ಕುಂಟನನ್ನು ಗುಣಪಡಿಸಿದಾಗ ಜನರು ತಮ್ಮ ಲುಕವೋನ್ಯ ಭಾಷೆಯಲ್ಲಿ ಕೂಗಿ, ದೇವತೆಗಳೇ ಮನುಷ್ಯರೂಪದಲ್ಲಿ ಇಳಿದುಬಂದರೆಂದು ಹೂವಿನ ಹಾರಗಳನ್ನೂ ಎತ್ತುಗಳನ್ನೂ ತಂದರು. ಅಷ್ಟು ಮುಂದುವರಿದ ಮೇಲಷ್ಟೇ ಅಪೊಸ್ತಲರಿಗೆ ನಡೆಯುತ್ತಿರುವುದೇನೆಂದು ತಿಳಿಯಿತು. ಜಗಲಿಯ ಆ ತರುಣ ಈ ಅಧ್ಯಾಯವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ.

ದೈವಶಾಸ್ತ್ರದ ಓದು ಬೇಡವೆಂದು ನಾನು ಹೇಳುತ್ತಿಲ್ಲ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಂತಹ ಕಡೆ ಮೂಲಭಾಷೆ, ಸಭಾಚರಿತ್ರೆ ಕಲಿತು ಬಂದವರು ಹಳ್ಳಿಯಲ್ಲಿಯೂ ಗಟ್ಟಿಯಾಗಿ ನಿಲ್ಲುವುದನ್ನು ಕಂಡಿದ್ದೇನೆ. ಆದರೆ ಒಂದು ಕೊರತೆ ಉಳಿಯುತ್ತದೆ. ಹೈದರಾಬಾದಿನ ಬಳಿಯ ಶಂಷಾಬಾದಿನಲ್ಲಿ ಹುಟ್ಟಿ, ಮೆಹಬೂಬನಗರದ ಹಳ್ಳಿಗಳಲ್ಲಿ ಸೇವೆ ಮಾಡಿದ ಮಾನವಶಾಸ್ತ್ರಜ್ಞ ಪಾಲ್ ಹೀಬರ್ಟ್ ಅವರು 1982ರಲ್ಲಿ ಅದನ್ನು ಗುರುತಿಸಿ ಬರೆದರು. ಮೇಲೆ ದೇವರು, ಕೆಳಗೆ ಲೋಕವ್ಯವಹಾರ, ಇವೆರಡಕ್ಕೂ ನಮ್ಮ ಶಾಲೆಗಳಲ್ಲಿ ಉತ್ತರವುಂಟು; ನಡುವೆ ಇರುವ ಗಾಳಿ ಸೋಂಕು, ದೃಷ್ಟಿ, ಹರಕೆ, ಹಿರಿಯರ ಆತ್ಮ ಇವುಗಳ ಬಗ್ಗೆ ಹಳ್ಳಿಯವರು ಕೇಳಿದರೆ ಸೇವಕನು ಬಾಯಿ ಕಟ್ಟಿದವನಾಗುತ್ತಾನೆ. ಮಲೆನಾಡಿನಲ್ಲಿ ಚೌಡಿ, ಭೂತಪ್ಪ, ನಾಗರ ಬನಗಳ ಭಯಭಕ್ತಿ ಇಲ್ಲದ ಊರಿಲ್ಲ. ಅದನ್ನು ಹಳಿಯುವವನನ್ನು ಊರು ಮತ್ತೆ ಕರೆಯುವುದಿಲ್ಲ, ಕರೆಯಲೂ ಬಾರದು. ಇನ್ನೊಂದು ತುದಿಗೆ ಹೋಗಿ, ಪ್ರತಿ ಕಾಯಿಲೆಯನ್ನೂ ಪ್ರಾರ್ಥನೆಯಿಂದಲೇ ಬಿಡಿಸುತ್ತೇನೆಂದು ಹೊರಡುವವನು ಇನ್ನೂ ಅಪಾಯಕಾರಿ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಯಲ್ಲಿ ಕಾಡಂಚಿನ ಮನೆಯೊಂದರಲ್ಲಿ ಜ್ವರವೆಂದರೆ ಸೇವಕನು ಪ್ರಾರ್ಥಿಸಲಿ, ಆದರೆ ಆ ಪ್ರಾರ್ಥನೆ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ ನಡೆಯಲಿ. ಈ ವಿಷಯದಲ್ಲಿ ನಮ್ಮ ತರಬೇತಿಯಲ್ಲಿ ರಿಯಾಯಿತಿ ಇಲ್ಲ; ಔಷಧಿ ಬೇಡವೆಂದು ಹೇಳಿದವನನ್ನು ಅಂದೇ ಮನೆಗೆ ಕಳುಹಿಸುತ್ತೇವೆ.

ಶಿಷ್ಯನಾಗುವುದು ಎಂದರೆ ಏನೆಂದು ತೋರಿಸಲು ಕನ್ನಡನಾಡಿನ ಚರಿತ್ರೆಯೇ ಸಾಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರ ಬಳಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಸಭಾಸೇವೆಯ ದೀಕ್ಷೆ ಪಡೆದು ಹಿಂತಿರುಗಿ, ಮುಂದೆ ಮಂಗಳೂರಿನ ಸೆಮಿನರಿಯಲ್ಲಿ ಗುರುವಾದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರು 1894ರಲ್ಲಿ ನಿಘಂಟನ್ನು ಹೊರತಂದರೆಂಬುದು ಎಲ್ಲರಿಗೂ ಗೊತ್ತು. ಅದಕ್ಕೂ ಮೂವತ್ತು ವರ್ಷ ಮೊದಲು, 1862ರಲ್ಲಿಯೇ, ಅವರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. ಆದರೆ ಆ ಕಾಲದ ಚಿತ್ರ ಪೂರ್ತಿ ಹೀಗಿರಲಿಲ್ಲ. 1910ರಲ್ಲಿ ಎಡಿನ್‌ಬರೋದ ಮಿಷನರಿ ಮಹಾಸಮ್ಮೇಳನದಲ್ಲಿ ತಮಿಳುನಾಡಿನ ವಿ. ಎಸ್. ಅಜರಯ್ಯ ಪಾಶ್ಚಾತ್ಯ ಮಿಷನರಿಗಳ ಮುಂದೆ ಎದ್ದು ನಿಂತು, ನೀವು ಆಸ್ತಿ ಕೊಟ್ಟಿರಿ, ದೇಹವನ್ನೂ ಕೊಟ್ಟಿರಿ, ನಾವು ಪ್ರೀತಿಯನ್ನು ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಎಂದು ಬೇಡಿಕೊಂಡರು. ಎರಡು ವರ್ಷಗಳ ಬಳಿಕ ಅವರೇ ದೋರ್ನಕಲ್‌ನ ಬಿಷಪ್ ಆದರು. ಅಜರಯ್ಯನವರ ಆ ಮಾತನ್ನು ಇಂದು ಬೆಂಗಳೂರಿನಿಂದ ಬರುವ ನಮ್ಮವರಿಗೇ ಹೇಳಬೇಕಾಗಿದೆ. ಬಿಳಿಯರು ಅಂದು ನಮ್ಮ ಮುಂದೆ ಹೇಗೆ ನಿಂತಿದ್ದರೋ, ಕಾರು, ಧ್ವನಿವರ್ಧಕ, ಹೊರಗಿನ ಹಣ ಇವುಗಳೊಂದಿಗೆ ನಾವು ಇಂದು ತಾಂಡಾದ ಮುಂದೆ ಹಾಗೆಯೇ ನಿಂತಿದ್ದೇವೆ.

ಹಣದ ವಿಷಯವನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ನಾನು ಬಂದ ಎರಡನೆಯ ವರ್ಷ, ಐದು ಕುಟುಂಬಗಳು ಮಾತ್ರ ಸೇರುತ್ತಿದ್ದ ಊರಿನಲ್ಲಿ, ಹೊರಗಿನಿಂದ ಬಂದ ನೆರವಿನಿಂದ ತಗಡಿನ ಸೂರಿನ ಪ್ರಾರ್ಥನಾಮಂದಿರ ಕಟ್ಟಿಸಿದೆ. ಬೆಂಚು, ಫ್ಯಾನು, ಮೈಕು ಎಲ್ಲವೂ ಬಂದವು. ಅಲ್ಲಿಯವರೆಗೆ ಮನೆಯಿಂದ ಚಾಪೆ ತರುತ್ತಿದ್ದವರು ತರುವುದನ್ನು ನಿಲ್ಲಿಸಿದರು. ಸೂರು ಸೋರಿದರೆ ನನಗೆ ಫೋನ್ ಮಾಡತೊಡಗಿದರು. ನೆರವು ನಿಂತ ಮೂರನೆಯ ಮಳೆಗಾಲಕ್ಕೆ ಮಂದಿರಕ್ಕೆ ಬೀಗ ಬಿತ್ತು. ತಪ್ಪು ಜನರದ್ದಲ್ಲ, ನನ್ನದು. ಸಭೆಯು ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕು, ತನ್ನ ಆಡಳಿತವನ್ನು ತಾನೇ ನಡೆಸಬೇಕು, ತನ್ನ ಸಾಕ್ಷಿಯನ್ನು ತಾನೇ ಹಬ್ಬಿಸಬೇಕು ಎಂದು ಮಿಷನ್ ಸಂಘಗಳ ಮುಖಂಡರಾಗಿದ್ದ ಹೆನ್ರಿ ವೆನ್ ಮತ್ತು ರೂಫಸ್ ಆಂಡರ್ಸನ್ 19ನೆಯ ಶತಮಾನದ ನಡುವಿನಲ್ಲಿಯೇ ಹೇಳಿದ್ದನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಆ ಬೀಗವನ್ನು ನೋಡಿದ ದಿನ. ಈಗ ನಮ್ಮ ಹೊಸ ಕೂಟಗಳು ಮನೆಗಳಲ್ಲಿಯೇ ಸೇರುತ್ತವೆ. ಮೊದಲ ತಿಂಗಳಿನಿಂದಲೇ ಆ ಊರಿನವರೊಬ್ಬರು ಸತ್ಯವೇದ ಓದುತ್ತಾರೆ, ಇನ್ನೊಬ್ಬರು ಕಾಣಿಕೆಯ ಲೆಕ್ಕ ಇಡುತ್ತಾರೆ, ಆ ಲೆಕ್ಕದಲ್ಲಿ ಇಪ್ಪತ್ತೇ ರೂಪಾಯಿ ಇದ್ದರೂ ಸರಿ.

ಹಾಡಿನ ವಿಷಯದಲ್ಲಿಯೂ ಹಾಗೆಯೇ. ಶಿಕಾರಿಪುರದ ಕಡೆಯ ಒಂದು ತಾಂಡಾದಲ್ಲಿ ನಮ್ಮ ಕನ್ನಡ ಕೀರ್ತನೆಗಳನ್ನು ಒಂದು ವರ್ಷ ಹಾಡಿಸಿದೆವು. ಹೆಂಗಸರು ತುಟಿ ಆಡಿಸುತ್ತಿದ್ದರು, ಅಷ್ಟೇ. ಒಂದು ಸಂಜೆ ಯೇಸು ಹೇಳಿದ ತಪ್ಪಿಹೋದ ಮಗನ ಕಥೆಯನ್ನು ಹೇಳಿದಾಗ, ಮಗನನ್ನು ಕಬ್ಬು ಕಡಿಯುವ ಕೆಲಸಕ್ಕೆ ಕಳುಹಿಸಿ ಕಾಯುತ್ತಿದ್ದ ಒಬ್ಬ ತಾಯಿ ತನ್ನ ಮಾತಿನಲ್ಲಿಯೇ, ತನ್ನ ಧಾಟಿಯಲ್ಲಿಯೇ ಅದನ್ನು ಹಾಡತೊಡಗಿದರು, ಉಳಿದವರು ಸೊಲ್ಲು ಹಿಡಿದರು. ನಾವು ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆವು. ಆ ತಾಂಡಾದಲ್ಲಿ ಸಭೆ ಹುಟ್ಟಿದ್ದು ಅಂದೇ ಎಂದು ನಾನು ನಂಬಿದ್ದೇನೆ.

ನೆರೆಮನೆಯವರು ಪ್ರಸಾದ ತಂದರೆ ಏನು ಮಾಡಬೇಕು, ಗದ್ದೆಗೆ ಪೂಜೆ ಸಲ್ಲಿಸುವ ಭೂಮಿ ಹುಣ್ಣಿಮೆಯ ದಿನ ಅಲ್ಲಿಗೆ ಹೋಗಬಹುದೇ ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. ಇವುಗಳಿಗೆ ನಾವು ಸಿದ್ಧ ಉತ್ತರ ಕೊಟ್ಟು ಕಳುಹಿಸುವುದಿಲ್ಲ. ವಿಗ್ರಹಗಳಿಗೆ ಅರ್ಪಿಸಿದ ಆಹಾರದ ಬಗ್ಗೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8ನೆಯ ಅಧ್ಯಾಯವನ್ನು ಆ ಊರಿನ ವಿಶ್ವಾಸಿಗಳೊಂದಿಗೇ ಕುಳಿತು ಓದಿ, ಅವರೇ ತೀರ್ಮಾನಿಸಲು ಬಿಡಬೇಕು. ಹೊರಗಿನವನ ತೀರ್ಮಾನಕ್ಕೆ ಅವರ ಮನೆಯೊಳಗೆ ಬೆಲೆ ಇರುವುದಿಲ್ಲ.

ಕಾನೂನಿನ ಪಾಠಕ್ಕೆ ಎರಡು ದಿನವಾದರೂ ಇಡಿ. ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ; ಆ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪು ನೀಡಿದೆ. ನಮ್ಮ ರಾಜ್ಯದ 2022ರ ಕಾಯ್ದೆಯು ಬಲವಂತ, ವಂಚನೆ, ಆಮಿಷಗಳ ಮತಾಂತರವನ್ನು ಅಪರಾಧವೆನ್ನುವುದಲ್ಲದೆ, ಮತಾಂತರವಾಗಬಯಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ಘೋಷಣೆ ಸಲ್ಲಿಸಬೇಕೆನ್ನುತ್ತದೆ. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಸಂಪುಟದ ನಿರ್ಧಾರವಾದ ಮಾತ್ರಕ್ಕೆ ಕಾಯ್ದೆ ಹೋಗುವುದಿಲ್ಲವಾದ್ದರಿಂದ, ಕಳುಹಿಸುವ ಮೊದಲು ವಕೀಲರೊಬ್ಬರನ್ನು ಕರೆಸಿ ಪಾಠ ಮಾಡಿಸಿ. ಇದಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಚುಚ್ಚುವುದು ಇನ್ನೊಂದು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನವು ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ. ಪರಿಶಿಷ್ಟ ಪಂಗಡಕ್ಕೆ ಈ ನಿಬಂಧನೆ ಇಲ್ಲ. ದೀಕ್ಷಾಸ್ನಾನ ಕೇಳಿ ಬಂದ ದಲಿತ ಅಥವಾ (ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಗೇ ಸೇರಿದ) ಲಂಬಾಣಿ ಕುಟುಂಬಕ್ಕೆ, ಅವರ ಮಕ್ಕಳ ವಿದ್ಯಾರ್ಥಿವೇತನ, ಮೀಸಲಾತಿಗಳ ಮೇಲೆ ಇದರ ಪರಿಣಾಮವೇನೆಂದು ಸೇವಕನು ಮೊದಲೇ, ಮನೆಯವರೆಲ್ಲರ ಎದುರಿಗೆ, ಬಿಡಿಸಿ ಹೇಳಬೇಕು. ಸಂಖ್ಯೆ ಕಡಿಮೆಯಾದೀತೆಂದು ಇದನ್ನು ಮುಚ್ಚಿಡುವವನು ಸತ್ಯವನ್ನು ಸಾರಲು ಬಂದವನಲ್ಲ. ಅಕ್ಕಿ, ಕಂಬಳಿ, ಶಾಲಾಶುಲ್ಕ ಯಾವುದನ್ನೂ ಆರಾಧನೆಯೊಂದಿಗೆ ಗಂಟುಹಾಕಬಾರದು.

ಇನ್ನು ನಿಮ್ಮ ಆರು ವಾರದ ಲೆಕ್ಕ. ಗ್ವಾಟೆಮಾಲಾದಲ್ಲಿ 1963ರಲ್ಲಿ ಆರಂಭವಾಗಿ 1970ರ ದಶಕದಲ್ಲಿ ಬೆಂಗಳೂರಿಗೂ ಬಂದ ವಿಸ್ತರಣಾ ದೈವಶಾಸ್ತ್ರ ಶಿಕ್ಷಣದ ಕ್ರಮವನ್ನು, ಅಂದರೆ ಸೇವಕರು ತಮ್ಮ ಊರಿನಲ್ಲಿದ್ದುಕೊಂಡೇ ಓದುವ ಕ್ರಮವನ್ನು, ನಾವು ನಮ್ಮ ಮಟ್ಟಿಗೆ ಹೊಂದಿಸಿಕೊಂಡಿದ್ದೇವೆ: ಎರಡು ವರ್ಷ, ತಿಂಗಳಿಗೆ ನಾಲ್ಕು ದಿನ ಒಟ್ಟಿಗೆ ಪಾಠ, ಉಳಿದ ದಿನ ಊರಿನಲ್ಲಿ ಬಾಡಿಗೆ ಮನೆ ಮತ್ತು ಯಾವುದಾದರೊಂದು ಕೈಕೆಲಸ. ಅಡಿಕೆ ಕೊಯ್ಲಿನ ಕಾಲದಲ್ಲಿ ಪಾಠವಿಲ್ಲ. ಎಲ್ಲರೂ ಸುಲಿಯಲು ಕೂರುತ್ತಾರೆ. ಹಿಂದಿನ ವರ್ಷ ಬಂದ ಒಬ್ಬ ಹುಡುಗ, ಮೆಟ್ಟುಗತ್ತಿಯ ಮುಂದೆ ಕುಳಿತು ಬೆರಳು ಕುಯ್ದುಕೊಳ್ಳುತ್ತಲೇ ಹನ್ನೊಂದು ರಾತ್ರಿ ಅಡಿಕೆ ಸುಲಿದ, ಕ್ರಿಸ್ತನ ಹೆಸರೆತ್ತಲಿಲ್ಲ. ಹನ್ನೆರಡನೆಯ ರಾತ್ರಿ ಪಕ್ಕದಲ್ಲಿದ್ದ ಹೆಂಗಸು ಕೈ ನಿಲ್ಲಿಸದೆಯೇ, ‘ಚಾ ಕುಡಿಯೋ ಮುಂಚೆ ದಿನಾ ಕಣ್ಣು ಮುಚ್ತೀಯಲ್ಲ ತಮ್ಮಾ, ಏನು ಹೇಳ್ಕೊಳ್ತೀಯ?’ ಎಂದು ಕೇಳಿದರು. ಅವನು ಉತ್ತರಿಸಿದ. ಅದು ಅವನ ಮೊದಲ ಪ್ರಸಂಗ, ಎರಡು ನಿಮಿಷದ್ದು.

ನಿಮ್ಮ ಎಂಟು ಮಂದಿಯನ್ನು ಒಟ್ಟಿಗೆ ಒಂದೇ ಕಡೆ ಇಡಬೇಡಿ. ಇಬ್ಬಿಬ್ಬರಂತೆ ನಾಲ್ಕು ಊರಿಗೆ ಹಂಚಿ. ಜೂನ್‌ನಲ್ಲಿ ಕಳುಹಿಸಿದರೆ ಮಳೆಯಲ್ಲಿ ನಾಟಿಯ ಗಡಿಬಿಡಿಯಲ್ಲಿರುವ ಊರಿಗೆ ಅವರು ಹೊರೆಯಾಗುತ್ತಾರೆ. ಅಕ್ಟೋಬರ್ ಕೊನೆಗೆ ಬರಲಿ, ಕೊಯ್ಲು ಶುರುವಾಗುವ ಹೊತ್ತಿಗೆ ಕೆಲಸಕ್ಕೆ ಕೈ ಬೇಕಾಗಿರುತ್ತದೆ.