ಬರಹಗಾರರಿಗೆ ಸಲಹೆ: ಪದಕ ಬೇರೆಯೇ ಕಥೆ ಹೇಳುತ್ತಿದೆ

ನಮಸ್ಕಾರ,

‘ವೀರಯೋಧ ನನ್ನ ತಾತ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಕೈಬಿಡಬಾರದು ಅಂತ ನನಗೆ ತುಂಬಾ ಅನಿಸಿದೆ. ಅದಕ್ಕೇ ಈ ಉದ್ದ ಪತ್ರ.

ನೀವು ಬರೆದಿರುವುದು ಇಷ್ಟು. ತುರುವೇಕೆರೆ ಕಡೆಯ ಹಳ್ಳಿಯೊಂದರ ರೈತರ ಮಗ ಮೈಸೂರು ಮಹಾರಾಜರ ಪಲ್ಟನ್ ಸೇರುತ್ತಾರೆ. ಎರಡನೇ ಮಹಾಯುದ್ಧಕ್ಕೆ ಹೋಗುತ್ತಾರೆ. 1944ರಲ್ಲಿ ಈಗಿನ ನಾಗಾಲ್ಯಾಂಡಿನ ಕೊಹಿಮಾದಲ್ಲಿ ಜಪಾನೀಯರ ಎದುರು ಕೆಚ್ಚೆದೆಯಿಂದ ಕಾದಾಡುತ್ತಾರೆ. ಪದಕಗಳೊಂದಿಗೆ 1945ರ ಕೊನೆಗೆ ಊರಿಗೆ ಬರುತ್ತಾರೆ. ಜೊತೆಗೆ ಆ ಪದಕಗಳ ಫೋಟೋ ಕಳಿಸಿದ್ದೀರಿ.

ನನಗೆ ತೊಡಕು ಶುರುವಾದದ್ದೇ ಆ ಫೋಟೋದಿಂದ. ದೊಡ್ಡದು ಮಾಡಿ ನೋಡಿದೆ. ಎಡಗಡೆಯಿಂದ ಎರಡನೆಯದು ಆರು ಮೂಲೆಯ ನಕ್ಷತ್ರ. ಅದರ ರಿಬ್ಬನ್ ಹಸಿರು, ನಟ್ಟನಡುವೆ ಹಳದಿ, ಎರಡೂ ಅಂಚಿಗೆ ಕೆಂಪು. ಕೆಳಗೆ ನೀವು ‘ಬರ್ಮಾ ಸ್ಟಾರ್’ ಅಂತ ಬರೆದಿದ್ದೀರಿ. ಬರ್ಮಾ ಸ್ಟಾರ್‌ನ ರಿಬ್ಬನ್ ಹಾಗಿರುವುದಿಲ್ಲ. ಅದು ಕಡುನೀಲಿ, ನಡುವೆ ಅಗಲವಾದ ಕೆಂಪು, ಎರಡು ಕಡೆಯ ನೀಲಿಯಲ್ಲೂ ಒಂದೊಂದು ಕಿತ್ತಳೆ ಗೆರೆ. ನಿಮ್ಮ ಮನೆಯಲ್ಲಿರುವುದು ಪೆಸಿಫಿಕ್ ಸ್ಟಾರ್. ಕೊಹಿಮಾದಲ್ಲಿ ಕಾದಾಡಿದವರಿಗೆ ಸಿಕ್ಕಿದ್ದು ಬರ್ಮಾ ಸ್ಟಾರ್. ಮಲಯಾ (ಈಗಿನ ಮಲೇಷ್ಯಾದ ಭಾಗ), ಸಿಂಗಪುರ ಕಡೆ ಜಪಾನೀಯರ ಎದುರು ಇದ್ದವರಿಗೆ ಪೆಸಿಫಿಕ್ ಸ್ಟಾರ್. ನಕ್ಷತ್ರದ ನಡುವಿನ ವೃತ್ತದಲ್ಲಿ ಹೆಸರನ್ನೇ ಅಚ್ಚು ಹಾಕಿರುತ್ತಾರೆ. ಬೆಳಕಿಗೆ ಹಿಡಿದು ಓದಿ ನೋಡಿ.

ಇನ್ನೊಂದು ವಿಷಯ. ಆ ಎರಡು ಸ್ಟಾರ್‌ಗಳಲ್ಲಿ ಒಬ್ಬರಿಗೆ ಒಂದೇ ಕೊಡುತ್ತಿದ್ದರು. ಪೆಸಿಫಿಕ್ ಸ್ಟಾರ್ ಪಡೆದವರು ಆಮೇಲೆ ಬರ್ಮಾದಲ್ಲೂ ಸೇವೆ ಮಾಡಿದ್ದರೆ ರಿಬ್ಬನ್ ಮೇಲೆ ‘ಬರ್ಮಾ’ ಅಂತ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ನಿಮ್ಮ ಫೋಟೋದಲ್ಲಿ ಅದಿಲ್ಲ.

ಈಗ ಇದನ್ನು ನೀವೇ ಬರೆದ ಮತ್ತೊಂದು ಸಾಲಿನ ಪಕ್ಕ ಇಟ್ಟು ನೋಡಿ: ‘ತಾತ ಮಹಾರಾಜರ ಪಲ್ಟನ್‌ನಲ್ಲಿದ್ದರು.’ ಮೈಸೂರು ಸಂಸ್ಥಾನದ ಒಂದನೇ ಇನ್‌ಫೆಂಟ್ರಿಯನ್ನು ಮಲಯಾ ಕಡೆಗೆ ಕಳಿಸಿದ್ದರು. ಅಲ್ಲಿ ಸಂಸ್ಥಾನಗಳ ಪಲ್ಟನ್‌ಗಳಿಗೆ ಹೆಚ್ಚಾಗಿ ಸಿಗುತ್ತಿದ್ದ ಕೆಲಸ ವಿಮಾನ ನಿಲ್ದಾಣ ಕಾಯುವುದು. 1941ರ ಡಿಸೆಂಬರ್ 8ರಂದು ಜಪಾನೀಯರು ಮಲಯಾದ ಕೋಟಾ ಬಾರುವಿನಲ್ಲಿ ಇಳಿದರು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಎರಡು ದಿನದ ಮೇಲೆ ಅಲ್ಲಿನ ಫಾರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಸೈನಿಕರನ್ನು ಬ್ರಿಟಿಷರಿಂದ ಬೇರೆ ಮಾಡಿ ಜಪಾನೀಯರಿಗೆ ಒಪ್ಪಿಸಿದರು. ಸುಮಾರು 45,000 ಜನ. ನಿಮ್ಮ ತಾತ ಅವರಲ್ಲೊಬ್ಬರು ಅಂತ ನನಗೆ ಬಲವಾಗಿ ಅನಿಸುತ್ತಿದೆ. ಹಾಗಿದ್ದರೆ 1944ರ ಏಪ್ರಿಲ್‌ನಲ್ಲಿ ಅವರು ಕೊಹಿಮಾದಲ್ಲಿರಲಿಲ್ಲ. ಜಪಾನೀಯರ ಕೈಯಲ್ಲಿದ್ದರು.

ಕೊಹಿಮಾ ಭಾಗದಲ್ಲಿ ತಾತ ಮಾತೇ ಆಡುವುದಿಲ್ಲ, ಗಮನಿಸಿದ್ದೀರಾ? ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳ, ಅದರ ಆಚೀಚೆಯ ಗುಂಡಿನ ಕಾಳಗ, ಎಲ್ಲ ಬಂದಿದೆ. ಇವು ಆ ಯುದ್ಧದ ಬಗ್ಗೆ ಬರೆಯುವ ಎಲ್ಲರೂ ಬರೆಯುವ ಸಂಗತಿಗಳು. ಅಲ್ಲಿ ತಾತನ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತದೆ. ಒಬ್ಬರೇ ಬಯೊನೆಟ್‌ನಿಂದ ಇಪ್ಪತ್ತು ಜನರನ್ನು ಕೊಂದರು ಅಂತ ಬರೆದಿದ್ದೀರಲ್ಲ, ಅದನ್ನು ಯಾರು ಹೇಳಿದರು? ತಾತ ಹೇಳಿದ್ದಾಗಿದ್ದರೆ ‘ತಾತ ಹೇಳುತ್ತಿದ್ದರು’ ಅಂತ ಬರೆಯುತ್ತಿದ್ದಿರಿ. ಬರೆದಿಲ್ಲ. ಆ ನಾಲ್ಕು ಪುಟ ಪೂರ್ತಿ ತೆಗೆಯಿರಿ.

ಆರನೇ ಪುಟದ ಕೊನೆಯಲ್ಲಿ ನೀವು ತಮಾಷೆಗೆ ಅಂತ ಸೇರಿಸಿರುವ ಒಂದು ಮಾತಿದೆ. ತಾತ ಮರಗೆಣಸು ಮುಟ್ಟುತ್ತಿರಲಿಲ್ಲ. ಯಾರಾದರೂ ಬೇಯಿಸಿದರೆ ಆ ವಾಸನೆಗೇ ಎದ್ದು ಹೊರಗೆ ಹೋಗುತ್ತಿದ್ದರು. ನೀವೆಲ್ಲ ಮಕ್ಕಳು ನಗುತ್ತಿದ್ದಿರಿ. ಇದನ್ನು ಓದಿ ನಾನು ಸುಮ್ನೆ ಕೂತೆ. ಜಪಾನೀಯರು ಆಳುತ್ತಿದ್ದಾಗ ಸಿಂಗಪುರದಲ್ಲಿ ಅಕ್ಕಿ ಸಾಕಷ್ಟು ಸಿಗುತ್ತಿರಲಿಲ್ಲ. ಜನ ಹೆಚ್ಚಾಗಿ ಬದುಕಿದ್ದು ಮರಗೆಣಸು ತಿಂದು. ಅಲ್ಲಿ ಆ ಮೂರೂವರೆ ವರ್ಷ ಕಳೆದವರ ನೆನಪುಗಳಲ್ಲಿ ಮರಗೆಣಸು ಮತ್ತೆ ಮತ್ತೆ ಬರುತ್ತದೆ. ಕೈದಿಗಳಿಗೆ ಸರಿಯಾದ ಊಟವಿಲ್ಲದೆ ಬೆರಿಬೆರಿ ಬಂದು ಕಾಲು ಊದಿಕೊಳ್ಳುತ್ತಿತ್ತು. ತಾತ ನಿಮ್ಮ ಮನೆಯಲ್ಲಿ ಯುದ್ಧದ ಬಗ್ಗೆ ಏನೂ ಹೇಳಲಿಲ್ಲ ಅಂತ ಬೇಸರ ಪಟ್ಟಿದ್ದೀರಿ. ಇಷ್ಟಂತೂ ಹೇಳಿದ್ದಾರೆ, ಅಲ್ವಾ?

ಇನ್ನೊಂದು ಅಜ್ಜಿಯ ವಿಷಯ. ಗಂಡನ ಸುದ್ದಿಯೇ ಇಲ್ಲ, ತಿಥಿ ಮಾಡಿಬಿಡಿ ಅಂತ ಊರವರು ಹೇಳಿದರು, ಅಜ್ಜಿ ಒಪ್ಪಲಿಲ್ಲ ಅಂತ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಇದು ಒಂದು ವಾಕ್ಯದ ವಿಷಯವೇ ಅಲ್ಲ. ಸರ್ಕಾರದಿಂದ ಏನು ಕಾಗದ ಬಂತು? ಪತ್ತೆಯಿಲ್ಲ ಅಂತಲೋ, ಕೈದಿ ಅಂತಲೋ? ಅದನ್ನು ಓದಿ ಹೇಳಿದವರು ಯಾರು? ಸಂಬಳದ ದುಡ್ಡು ಮನೆಗೆ ಬರುತ್ತಿತ್ತಾ, ನಿಂತಿತ್ತಾ? ಬೇಸಾಯ ಯಾರು ನೋಡಿದರು? ಯುದ್ಧದ ದೆಸೆಯಿಂದ ಎಲ್ಲದರ ಬೆಲೆ ಏರಿದ್ದ ಕಾಲ ಅದು. ಅದೇ ವರ್ಷಗಳಲ್ಲಿ ಬೆಂಗಳೂರಿನ ಜಾಲಹಳ್ಳಿ ಸುತ್ತಮುತ್ತ ಇಟಲಿಯ ಯುದ್ಧಕೈದಿಗಳ ಶಿಬಿರಗಳಿದ್ದವು ಅನ್ನುವುದೂ ನೆನಪಿರಲಿ. ಇಲ್ಲಿ ಸೆರೆಯಲ್ಲಿ ಇಟಲಿಯವರ ಮಕ್ಕಳು, ಅಲ್ಲಿ ಸೆರೆಯಲ್ಲಿ ನಮ್ಮವರ ಮಕ್ಕಳು.

ನೀವು ಬೇಕಂತ ಸುಳ್ಳು ಬರೆದಿದ್ದೀರಿ ಅಂತ ನನಗೆ ಅನಿಸಿಲ್ಲ. ಪದಕ ಇದೆ ಅಂದಮೇಲೆ ಪರಾಕ್ರಮ ಇರಲೇಬೇಕು, ಪರಾಕ್ರಮಕ್ಕೆ ಗೆದ್ದ ಯುದ್ಧವೇ ಬೇಕು ಅಂದುಕೊಂಡಿರಿ. ಆದರೆ ಈ ಸ್ಟಾರ್‌ಗಳು ಸಾಹಸಕ್ಕೆ ಕೊಟ್ಟವಲ್ಲ. ಆ ರಣರಂಗದಲ್ಲಿ ಸೇವೆ ಮಾಡಿದವರಿಗೆಲ್ಲ ಕೊಟ್ಟವು. ಸಿಂಗಪುರದಲ್ಲಿ ಶರಣಾಗುವ ತೀರ್ಮಾನ ಮಾಡಿದ್ದು ಬ್ರಿಟಿಷ್ ಸೇನಾಪತಿ ಪರ್ಸಿವಲ್. ನಿಮ್ಮ ತಾತನನ್ನು ಯಾರೂ ಕೇಳಲಿಲ್ಲ. ಅವರು ಸೆರೆ ಸಿಕ್ಕಿದ್ದನ್ನು ಬರೆಯಲು ನೀವು ನಾಚಬೇಕಾಗಿಲ್ಲ.

ಒಂದು ಎಚ್ಚರಿಕೆ. ಸಿಂಗಪುರ ಅಂದ ಕೂಡಲೇ ನಿಮಗೆ ಆಜಾದ್ ಹಿಂದ್ ಫೌಜ್ ನೆನಪಾಗುತ್ತದೆ. ಬ್ರಿಟಿಷ್ ಭಾರತದ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದ ಮೋಹನ್ ಸಿಂಗ್ 1942ರಲ್ಲಿ ಅದನ್ನು ಕಟ್ಟಿದ್ದು ಈ ಕೈದಿಗಳಿಂದಲೇ. ನೇತಾಜಿ ಅಲ್ಲಿಗೆ ಬಂದಿದ್ದು 1943ರ ಜುಲೈನಲ್ಲಿ. ಸಾವಿರಾರು ಜನ ಸೇರಿದರು. ಸಾವಿರಾರು ಜನ ಸೇರಲಿಲ್ಲ. ಸೇರದವರಲ್ಲಿ ಹಲವರನ್ನು ಕೂಲಿ ಕೆಲಸಕ್ಕೆ ನ್ಯೂಗಿನಿ ತನಕ ಸಾಗಿಸಿದರು. ನಿಮ್ಮ ತಾತ ಯಾವ ಕಡೆ ಹೋದರು ಅಂತ ನಿಮ್ಮ ಲೇಖನದಲ್ಲಿ ಎಲ್ಲೂ ಸುಳಿವಿಲ್ಲ. ಕೊಹಿಮಾ ತೆಗೆದ ಜಾಗಕ್ಕೆ ನೇತಾಜಿಯನ್ನು ತಂದು ಕೂರಿಸಬೇಡಿ. ಕಾಗದ ಸಿಕ್ಕರೆ ಬರೆಯಿರಿ. ಸಿಗದಿದ್ದರೆ ಎರಡೂ ದಾರಿ ಇತ್ತು ಅಂತಷ್ಟೇ ಬರೆಯಿರಿ.

ಎಲ್ಲಿ ಹುಡುಕುವುದು? ಮೊದಲು ಮನೆಯ ಟ್ರಂಕಿನಲ್ಲಿ. ಡಿಸ್ಚಾರ್ಜ್ ಕಾಗದ ಇದ್ದರೆ ಪಲ್ಟನ್ ಹೆಸರು, ನಂಬರ್ ಸಿಗುತ್ತದೆ. ನಂಬರ್ ಸಿಕ್ಕರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಲು ಒಂದು ಹಿಡಿತ ಇರುತ್ತದೆ. ಮನೆಯಲ್ಲೇ ಕೂತು ಮಾಡಬಹುದಾದದ್ದೂ ಒಂದಿದೆ. ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದಲ್ಲಿ ಸಮಾಧಿಯೂ ಸಿಗದ 24,000ಕ್ಕೂ ಜಾಸ್ತಿ ಜನರ ಹೆಸರುಗಳಿವೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನವರ ಜಾಲತಾಣದಲ್ಲಿ ಅವನ್ನು ಹುಡುಕಬಹುದು. ಮೈಸೂರು ಇನ್‌ಫೆಂಟ್ರಿ ಅಂತ ಹಾಕಿ ನೋಡಿ. ಹಲವು ಭಾರತೀಯ ಸೈನಿಕರ ಹೆಸರಿನ ಜೊತೆ ತಂದೆಯ ಹೆಸರು, ಹೆಂಡತಿಯ ಹೆಸರು, ಊರು ಇರುತ್ತದೆ. ತಾತನ ಜೊತೆ ಹೊರಟು ವಾಪಸ್ ಬರದ ಅಕ್ಕಪಕ್ಕದ ಊರಿನವರು ಅಲ್ಲಿರಬಹುದು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ರಣಕಹಳೆ’, ‘ಸಿಂಹಗರ್ಜನೆ’, ‘ತಾಯ್ನೆಲದ ಋಣ’ ಇವೆಲ್ಲ ಕೊಹಿಮಾ ಪುಟಗಳ ಜೊತೆಗೇ ಹೋಗುತ್ತವೆ. ಮರಗೆಣಸಿನ ಸಾಲು ಬರೆದಾಗ ನಿಮ್ಮ ಕನ್ನಡ ಚೆನ್ನಾಗಿದೆ. ಅದೇ ಕನ್ನಡದಲ್ಲಿ ಉಳಿದದ್ದನ್ನೂ ಬರೆಯಿರಿ.

ಇದೆಲ್ಲಕ್ಕಿಂತ ಮುಂಚೆ ನಿಮ್ಮ ದೊಡ್ಡತ್ತೆಯ ಹತ್ತಿರ ಹೋಗಿ. ಅವರಿಗೆ 85 ದಾಟಿದೆ ಅಂತ ಬರೆದಿದ್ದೀರಿ. ತಾತ ವಾಪಸ್ ಬಂದಾಗ ಅವರು ಐದಾರು ವರ್ಷದ ಹುಡುಗಿ. ಅಪ್ಪ ಅಂದರೆ ಯಾರು ಅಂತಲೇ ಗೊತ್ತಿರದ ವಯಸ್ಸು. ಪ್ರಶ್ನೆ ಪಟ್ಟಿ ಹಿಡಿದು ಹೋಗಬೇಡಿ, ಒಂದು ದಿನ ಪೂರ್ತಿ ಇರಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರಿಗೆ ಹೇಳಿಯೇ. ಪದಕಗಳನ್ನೂ ತೆಗೆದುಕೊಂಡು ಹೋಗಿ ಕೈಗೆ ಕೊಡಿ. ಆಮೇಲೆ ಹೊಸದಾಗಿ ಬರೆದು ಕಳಿಸಿ, ಪದಕಗಳ ಹಿಂದೆ ಮುಂದೆ ಎರಡೂ ಕಡೆಯ ಸ್ಪಷ್ಟ ಫೋಟೋ ಸಮೇತ. ಪುಟದ ಮಿತಿ ಏನೂ ಇಲ್ಲ.