ವಾಟರ್‌ಕಲರ್ ಶುರು ಮಾಡೋವ್ರು ಮೊದಲು ಏನು ಕಲೀಬೇಕು?

ಹಾಳೆ ಯಾಕೆ ಸುಕ್ಕಾಗುತ್ತೆ, ಬಣ್ಣ ಯಾಕೆ ಕೊಳಕಾಗುತ್ತೆ ಅಂತ ಕೇಳಿದೀರಲ್ಲ, ನನಗೂ ಶುರುನಲ್ಲಿ ಇದೇ ಗೋಳಾಗಿತ್ತು. ಹೆಚ್ಚಿನ ತಪ್ಪು ನಿಮ್ಮ ಕೈದಲ್ಲ, ಹಾಳೆದು. ಮಾಮೂಲಿ ಡ್ರಾಯಿಂಗ್ ಬುಕ್ ಬಿಟ್ಟು 300 ಜಿಎಸ್ಎಂ (ಹಾಳೆ ಎಷ್ಟು ದಪ್ಪ ಅನ್ನೋ ಅಳತೆ) ಕೋಲ್ಡ್ ಪ್ರೆಸ್, ಅಂದ್ರೆ ಮೇಲ್ಮೈ ಸ್ವಲ್ಪ ತರಿತರಿಯಾಗಿರೋ ಪೇಪರ್ ತಗೊಳ್ಳಿ, ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ಬೋರ್ಡಿಗೆ ಅಂಟಿಸಿ. ಬಣ್ಣಕ್ಕೆ ಕ್ಯಾಮೆಲ್ ಟ್ಯೂಬೇ ಸಾಕು, 8ನೇ ನಂಬರಿನ ರೌಂಡ್ ಬ್ರಷ್ ಒಂದು, ನೀರಿಗೆ ಮಾತ್ರ ಎರಡು ಡಬ್ಬ ಇರಲಿ, ಒಂದು ಬ್ರಷ್ ತೊಳೆಯೋಕೆ ಇನ್ನೊಂದು ಬಣ್ಣಕ್ಕೆ ಬೆರೆಸೋಕೆ.

ಮೊದಲು ಫ್ಲಾಟ್ ವಾಶ್, ಅಂದ್ರೆ ಒಂದೇ ಬಣ್ಣನ ಎಲ್ಲಾ ಕಡೆ ಒಂದೇ ಸಮ ಹಚ್ಚೋದು ಕಲೀರಿ. ಬೋರ್ಡನ್ನ ಸ್ವಲ್ಪ ಓರೆಯಾಗಿಟ್ಟು ಬ್ರಷ್ ತುಂಬ ಬಣ್ಣ ತಗೊಂಡು ಅಡ್ಡಕ್ಕೆ ಒಂದು ಗೆರೆ ಎಳೀರಿ, ಕೆಳ ಅಂಚಲ್ಲಿ ಬಣ್ಣದ ನೀರು ಮಣಿ ಥರ ನಿಲ್ಲುತ್ತೆ, ಅದನ್ನೇ ಮುಂದಿನ ಗೆರೆಗೆ ಎಳ್ಕೊಂಡು ಹೋಗ್ತಾ ಇರಿ, ಹಿಂದಕ್ಕೆ ಹೋಗಿ ತಿದ್ದೋಕೆ ಹೋಗ್ಲೇಬೇಡಿ. ಗೆರೆ ಗೆರೆಗೂ ನೀರು ಜಾಸ್ತಿ ಮಾಡಿದ್ರೆ ಅದೇ ಗ್ರೇಡೆಡ್ ವಾಶ್, ಆಕಾಶ ಬರೆಯೋಕೆ ಇದೇ ಬೇಕು.

ಆಮೇಲೆ ವೆಟ್ ಆನ್ ವೆಟ್, ಅಂದ್ರೆ ಒದ್ದೆ ಹಾಳೆ ಮೇಲೆ ಬಣ್ಣ ಬಿಡೋದು. ಮಳೆಗಾಲದಲ್ಲಿ ಮಲೆನಾಡಿನ ಬೆಟ್ಟ ಮಂಜಲ್ಲಿ ಕರಗಿದಂಗೆ ಕಾಣುತ್ತಲ್ಲ, ಅದು ಬರೋದು ಇದರಿಂದಾನೇ, ನಂಗಂತೂ ಇದೇ ತುಂಬಾ ಇಷ್ಟ! ಆದ್ರೆ ಅರ್ಧ ಒಣಗಿದಾಗ ಮತ್ತೆ ನೀರು ತಾಗಿಸಿದ್ರೆ ಹೂಕೋಸಿನ ಥರ ಕಲೆ ಬೀಳುತ್ತೆ. ಅಂಚು ಚೂಪಾಗಿ ಬೇಕಿದ್ರೆ ಪೂರ್ತಿ ಒಣಗಿದ ಮೇಲೆ ಬರೀರಿ.

ಬಣ್ಣ ಕೊಳಕಾಗೋದು ಮೂರ್ನಾಲ್ಕು ಬಣ್ಣ ಒಟ್ಟಿಗೆ ಕಲಸಿದಾಗ, ಇಲ್ಲ ಒದ್ದೆಯಲ್ಲೇ ಉಜ್ಜಿದಾಗ. ಎರಡೇ ಬಣ್ಣ ಸೇರಿಸಿ ನೋಡಿ. ಬಿಳಿ ಬೇಕಾದ ಜಾಗದಲ್ಲಿ ಹಾಳೆ ಖಾಲಿ ಬಿಡಿ, ಮತ್ತೆ ಒಣಗಿದ್ಮೇಲೆ ಬಣ್ಣ ತಿಳಿಯಾಗುತ್ತೆ, ಅದಕ್ಕೆ ಸ್ವಲ್ಪ ಗಾಢವಾಗೇ ಹಾಕಿ.