ಸಂಪಾದಕರ ಉತ್ತರ: ಆರಿಸಿ ಕೂಡಿಸಿದ ಐವರು

ಅಕ್ಕೋರೆ, ನಮಸ್ಕಾರ.

ಆಳಂದದಿಂದ ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಎರಡು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ, ಅದಕ್ಕೇ ತಡ. ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೋದ ಸಂಚಿಕೆಯಲ್ಲಿ ನಾವು ಇಂಗ್ಲೆಂಡಿನ ಸ್ಪೈಸ್ ಗರ್ಲ್ಸ್ ಎಂಬ ಐದು ಹುಡುಗಿಯರ ಹಾಡಿನ ಗುಂಪಿನ ಬಗ್ಗೆ ಒಂದು ಪುಟ ಹಾಕಿದ್ದೆವು. ಅದನ್ನು ನಿಮ್ಮ ಹೈಸ್ಕೂಲಿನ ಹುಡುಗಿಯರು ಕ್ಲಾಸಿಗೆ ತಂದರು. ಸೆಪ್ಟೆಂಬರ್ 17ರಂದು, ಕಲ್ಯಾಣ ಕರ್ನಾಟಕ ಉತ್ಸವದ ದಿನ ಹಾಡಿಸಲು ನೀವೇ ಬೇರೆ ಬೇರೆ ಕ್ಲಾಸಿನಿಂದ ಐದು ಮಂದಿಯನ್ನು ಆರಿಸಿ ಕೂಡಿಸಿದ್ದಿರಿ. ಹಾಡು ಚಲೋ ಆಯಿತು. ಆಮೇಲೆ ಇಬ್ಬರು ಮಾತು ಬಿಟ್ಟರು. ಈಗ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಅದೇ ಐವರು ಬೇಕು, ಒಬ್ಬಳು ಬಂದರೆ ಇನ್ನೊಬ್ಬಳು ಬರುವುದಿಲ್ಲ. "ಸ್ಪೈಸ್ ಗರ್ಲ್ಸ್ ಅಂದರೆ ಜಾಹೀರಾತು ಕೊಟ್ಟು ಕೂಡಿಸಿದ ಗುಂಪು. ದುಡ್ಡಿಗೆ ಕೂಡಿದರು, ದುಡ್ಡು ಬಂದ ಮೇಲೆ ಒಡೆದರು, ಮತ್ತೆ ದುಡ್ಡಿಗೇ ಕೂಡಿದರು. ಇಂಥದ್ದನ್ನು ಮಕ್ಕಳ ಮುಂದೆ ಯಾಕೆ ಇಡುತ್ತೀರಿ?" ಎಂದು ಕೇಳಿದ್ದೀರಿ.

ಜಾಹೀರಾತಿನ ಮಾತು ನಿಜ. 1994ರಲ್ಲಿ ಅಲ್ಲಿಯ 'ದಿ ಸ್ಟೇಜ್' ಪತ್ರಿಕೆಯಲ್ಲಿ ಅದು ಬಂದಿತ್ತು. ಹದಿನೆಂಟರಿಂದ ಇಪ್ಪತ್ಮೂರು ವಯಸ್ಸಿನ, ಹಾಡು ಕುಣಿತ ಬರುವ ಹುಡುಗಿಯರು ಬೇಕಾಗಿದ್ದಾರೆ ಅಂತ. ಸುಮಾರು 400 ಮಂದಿ ಬಂದರು. ಆರಿಸಿದವರು ಅಪ್ಪ ಮಗ ಇಬ್ಬರು ಮ್ಯಾನೇಜರುಗಳು. ಮೊದಲು ಆರಿಸಿದ ಐವರಲ್ಲಿ ಒಬ್ಬಾಕೆ ಹೊರಗಾಗಿ, ಆ ಜಾಗಕ್ಕೆ ಎಮ್ಮಾ ಬಂಟನ್ ಬಂದರು. ಐವರನ್ನೂ ಮೇಡನ್‌ಹೆಡ್ ಎಂಬ ಊರಿನ ಒಂದು ಮನೆಯಲ್ಲಿ ಇರಿಸಿ ಪ್ರಾಕ್ಟೀಸ್ ಮಾಡಿಸಿದರು.

ಆದರೆ ನಮ್ಮ ಪುಟದಲ್ಲಿ ಬರದೆ ಹೋದ ಒಂದು ಸಂಗತಿ ಇದೆ. ಅದನ್ನು ಬಿಟ್ಟಿದ್ದು ನಮ್ಮ ತಪ್ಪು. 1995ರ ಮಾರ್ಚ್‌ನಲ್ಲಿ ಆ ಐವರೂ ತಮ್ಮನ್ನು ಕೂಡಿಸಿದ ಮ್ಯಾನೇಜರುಗಳನ್ನೇ ಬಿಟ್ಟು ಹೊರಟರು. ಆಗ ಅವರ ಒಂದು ಹಾಡೂ ಹೊರಗೆ ಬಂದಿರಲಿಲ್ಲ, ಹೆಸರು ಯಾರಿಗೂ ಗೊತ್ತಿರಲಿಲ್ಲ. ಒಬ್ಬೊಬ್ಬರೇ ತಮ್ಮ ದಾರಿ ನೋಡಿಕೊಳ್ಳಬಹುದಿತ್ತು. ನೋಡಿಕೊಳ್ಳಲಿಲ್ಲ, ಐವರೂ ಒಟ್ಟಿಗೇ ಹೋದರು. ನನ್ನ ಲೆಕ್ಕದಲ್ಲಿ ಆ ಗುಂಪು ಹುಟ್ಟಿದ್ದು ಅವತ್ತು. ಆಮೇಲೆ ರೆಕಾರ್ಡ್ ಕಂಪನಿಗೆ ಬೇರೊಂದು ಹಾಡು ಮೊದಲು ಬರಲಿ ಅಂತ ಇತ್ತು. ಹುಡುಗಿಯರು 'ವಾನಬಿ'ಯೇ ಮೊದಲು ಬರಬೇಕು ಅಂತ ಹಟ ಹಿಡಿದರು. 1996ರ ಜುಲೈನಲ್ಲಿ ಬಂದ ಆ ಹಾಡು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ಮೊದಲ ಆಲ್ಬಮ್ 2 ಕೋಟಿಗೂ ಜಾಸ್ತಿ ಮಾರಾಟವಾಯಿತು. ಅದರ ಹಾಡುಗಳನ್ನು ಬರೆದವರ ಪಟ್ಟಿಯಲ್ಲಿ ಐವರ ಹೆಸರೂ ಇದೆ. ಜೊತೆಗೆ ಕೂತು ಬರೆದ ಬೇರೆಯವರೂ ಇದ್ದಾರೆ. ಆದರೆ ಐವರೊಳಗೆ ಇವಳ ಹಾಡು, ಅವಳ ಹಾಡು ಅಂತ ಭಾಗ ಮಾಡಿಕೊಳ್ಳಲಿಲ್ಲ. ಇದು ಸಣ್ಣ ಮಾತಲ್ಲ, ಅಕ್ಕೋರೆ. ಅಣ್ಣತಮ್ಮಂದಿರೇ ಹೊಲದ ಬದುವಿಗೆ ಕೋರ್ಟು ಹತ್ತುವುದನ್ನು ನೋಡಿದವರು ನಾವು.

ಇನ್ನು ಒಡೆದದ್ದು. 1998ರ ಮೇ ಕೊನೆಗೆ ಐವರಲ್ಲಿ ಒಬ್ಬರಾದ ಜೆರಿ ಹ್ಯಾಲಿವೆಲ್ ಬಿಟ್ಟು ಹೋದರು, ಅದೂ ಪ್ರವಾಸದ ನಡುವೆ. ಉಳಿದ ನಾಲ್ವರು ಕಾರ್ಯಕ್ರಮ ನಿಲ್ಲಿಸದೆ ಅಮೆರಿಕಕ್ಕೂ ಹೋಗಿ ಹಾಡಿ ಬಂದರು. 2000ದಲ್ಲಿ ನಾಲ್ವರದೇ ಒಂದು ಆಲ್ಬಮ್ ಬಂತು, ಅಷ್ಟಾಗಿ ಓಡಲಿಲ್ಲ. ಅಲ್ಲಿಗೆ ತಣ್ಣಗಾಯಿತು. ದುಡ್ಡು ಬಂದದ್ದಕ್ಕೇ ಒಡೆಯಿತು ಅಂದಿರಲ್ಲ, ನನಗೆ ಹಾಗನ್ನಿಸುವುದಿಲ್ಲ. ಎರಡು ವರ್ಷದಲ್ಲಿ ಎರಡು ಆಲ್ಬಮ್, ಒಂದು ಸಿನಿಮಾ, ಲೆಕ್ಕವಿಲ್ಲದಷ್ಟು ಜಾಹೀರಾತು, ಮೇಲೆ ಊರೂರು ತಿರುಗಾಟ. ಯಾವ ಮನುಷ್ಯರೂ ದಣಿಯುತ್ತಾರೆ.

ಮತ್ತೆ ಕೂಡಿದ್ದರ ಬಗ್ಗೆ ನಾನೇ ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಚಿತ್ತಾಪುರ ಕಡೆಯ ನಮ್ಮೂರಿನ ಭಜನಾ ಮೇಳದಲ್ಲಿ ಇಬ್ಬರು ಮುಂದಾಳು ಹಾಡುಗಾರರಿದ್ದರು. ಒಬ್ಬರು ಸಾಲು ಎತ್ತಿದರೆ ಇನ್ನೊಬ್ಬರು ಹಿಡಿಯಬೇಕು, ಹಾಗಿತ್ತು ಆ ಜೋಡಿ. ಹೊಸ ಪೇಟಿ (ಹಾರ್ಮೋನಿಯಂ) ತರಲು ಕೂಡಿಸಿದ ಪಟ್ಟಿ ದುಡ್ಡಿನ ಲೆಕ್ಕಕ್ಕೆ ಮಾತು ಬೆಳೆದು ಇಬ್ಬರೂ ಮುಖ ತಿರುಗಿಸಿದರು. ಒಂಬತ್ತು ವರ್ಷ! ಶ್ರಾವಣದಲ್ಲೂ ಒಬ್ಬರು ಗುಡಿಯಲ್ಲಿ ಕೂತರೆ ಇನ್ನೊಬ್ಬರು ಮನೆಯಲ್ಲಿ. ಹಾಗಿರುವಾಗ ಮೇಳದ ಹಿರಿಯ ತಬಲಾದವರು ತೀರಿಕೊಂಡರು. ಹೆಣದ ಮುಂದೆ ರಾತ್ರಿಯೆಲ್ಲ ಭಜನೆ. ಒಬ್ಬರು ಪೇಟಿಯ ಹತ್ತಿರ ಕೂತು ತತ್ವಪದ ಎತ್ತಿದರು. ಇನ್ನೊಬ್ಬರು ಹಿಂದೆ ಗೋಡೆಗೆ ಒರಗಿ ಕೂತಿದ್ದರು. ಮೇಲಿನ ಸಾಲಿಗೆ ಬಂದಾಗ ಹಾಡುವವರ ಗಂಟಲು ಕಟ್ಟಿತು. ತಾಳ ನಡೆದೇ ಇತ್ತು. ಗೋಡೆಯ ಕಡೆಯಿಂದ ಆ ಸಾಲು ಬಂತು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ. ಯಾರೂ ತಿರುಗಿ ನೋಡಲಿಲ್ಲ. ಮೊದಲು ಕರಿ ಎರಡರ ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದವರು, ಅವತ್ತು ಪೇಟಿಯ ಶ್ರುತಿ ಕರಿ ಒಂದಕ್ಕೆ ಇಳಿದಿತ್ತು. ಇಬ್ಬರಿಗೂ ವಯಸ್ಸಾಗಿತ್ತು. ಬೆಳಗಿನ ತನಕ ಹಾಡಿದರು. ಮಾತು ಶುರುವಾಗಿದ್ದು ಅದಾದ ಒಂದು ತಿಂಗಳಿಗೆ, ಅದೂ ಚಹಾ ಅಂಗಡಿಯಲ್ಲಿ.

ಅದಕ್ಕೇ 2007ರಲ್ಲಿ ಸ್ಪೈಸ್ ಗರ್ಲ್ಸ್ ಐವರೂ ಮತ್ತೆ ಕೂಡಿದರು ಅಂತ ಓದಿದಾಗ ನನಗೆ ಬರೀ ದುಡ್ಡಿನ ಲೆಕ್ಕ ಕಾಣುವುದಿಲ್ಲ. ದುಡ್ಡು ಇತ್ತು, ಬೇಕಾದಷ್ಟಿತ್ತು. ಲಂಡನ್ನಿನ ಒಂದೇ ಅಂಗಣದಲ್ಲಿ 17 ರಾತ್ರಿ ಹಾಡಿದರು. ಆದರೆ ಒಂಬತ್ತು ವರ್ಷದ ಹಿಂದೆ ಬಿಟ್ಟು ಹೋದ ಜೆರಿಗೆ ಅಲ್ಲಿ ಅವರ ಜಾಗ ಹಾಗೇ ಇತ್ತು. 2012ರಲ್ಲಿ ಲಂಡನ್ ಒಲಿಂಪಿಕ್ಸ್ ಮುಗಿದ ರಾತ್ರಿ ಐವರೂ ಕರಿ ಟ್ಯಾಕ್ಸಿಗಳ ಮೇಲೆ ನಿಂತು ಹಾಡಿದರು. 2019ರಲ್ಲಿ ಐವರಲ್ಲಿ ಒಬ್ಬರಾದ ವಿಕ್ಟೋರಿಯಾ ಬರಲಿಲ್ಲ. ಆಕೆಗೆ ಬೇಡವಾಗಿತ್ತು. ಉಳಿದ ನಾಲ್ವರೇ 13 ಕಾರ್ಯಕ್ರಮ ಕೊಟ್ಟರು. ಬರದೆ ಇರುವವರಿಗೂ ಜಾಗ ಬಿಟ್ಟ ಗುಂಪು ಅದು, ಅಲ್ವಾ?

ಹೀಗೆ ಆರಿಸಿ ಕೂಡಿಸಿದ ಗುಂಪು ಅದೊಂದೇ ಅಲ್ಲ. ಅಮೆರಿಕದಲ್ಲಿ 1965ರಲ್ಲೇ ಟಿವಿ ಕಾರ್ಯಕ್ರಮವೊಂದಕ್ಕೆ ಜಾಹೀರಾತು ಕೊಟ್ಟು 'ಮಂಕೀಸ್' ಗುಂಪು ಕಟ್ಟಿದ್ದರು. ವಾದ್ಯ ನಾವೇ ನುಡಿಸುತ್ತೇವೆ ಅಂತ ಆ ಹುಡುಗರು ಕೂಡಿಸಿದವರ ಜೊತೆಗೇ ಹೋರಾಡಿದರು. ನಮ್ಮಲ್ಲೂ 2002ರಲ್ಲಿ ಚಾನೆಲ್ ವಿ ಎಂಬ ಟಿವಿ ಚಾನೆಲ್‌ನ ಸ್ಪರ್ಧೆಯಿಂದ 'ವೀವಾ' ಎಂಬ ಹುಡುಗಿಯರ ಹಾಡಿನ ಗುಂಪು ಬಂದಿತ್ತು. ಆಗ ಕಾಲೇಜಿನಲ್ಲಿದ್ದವರಿಗೆ ನೆನಪಿರಬೇಕು.

ಈಗ ನಿಮ್ಮ ಹುಡುಗಿಯರ ವಿಷಯ. ಅವರನ್ನು ಎದುರುಬದುರು ನಿಲ್ಲಿಸಿ ಕೈ ಕುಲುಕಿಸಬೇಡಿ. ಬದಲಿಗೆ ಬೇರೆ ಹುಡುಗಿಯನ್ನೂ ಹಾಕಬೇಡಿ. ಹಾಡಿನ ಒಂದು ಸಾಲು ಒಬ್ಬಳಿಗೆ, ಅದನ್ನು ಹಿಡಿಯುವ ಸಾಲು ಇನ್ನೊಬ್ಬಳಿಗೆ ಕೊಡಿ. ಶಾಲೆ ಬಿಟ್ಟ ಮೇಲೆ ಹದಿನೈದು ನಿಮಿಷ ಅಷ್ಟನ್ನೇ ಹಾಡಿಸಿ. ಸುಮ್ನೆ ಕೂತು ಕೇಳಿ, ಸಮಾಧಾನದ ಮಾತು ಆಡಬೇಡಿ. ಒಬ್ಬಳು ಆಗಲೂ ಬರುವುದಿಲ್ಲ ಅಂದರೆ ನಾಲ್ವರೇ ಹಾಡಲಿ, ಅವಳ ಸಾಲು ಬಂದಾಗ ಪೇಟಿ ಮಾತ್ರ ನುಡಿಯಲಿ.

ಗ್ಯಾದರಿಂಗ್ ಯಾವಾಗ ಅಂತ ನೀವು ಬರೆದಿಲ್ಲ, ಹಾಡು ಯಾವುದು ಅಂತಲೂ ಬರೆದಿಲ್ಲ. ಎರಡನ್ನೂ ತಿಳಿಸಿ. ಕಲಬುರಗಿಯಿಂದ ಆಳಂದಕ್ಕೆ ಬಸ್ಸು ಬೇಕಾದಷ್ಟಿವೆ, ನಾನು ಬರುತ್ತೇನೆ.

— ಸಂಪಾದಕ